ಪಿತ್ತ ಹೊತ್ತು ತಂದ ಸುದ್ದಿ

ನನ್ನ ಗಂಡ ನನ್ನನ್ನು ಕೇಳಿದ ಮೊದಲ ಪ್ರಶ್ನೆಯನ್ನು ನಾಲ್ಕು ಜನರ ಮುಂದೆ ಹೇಳುವಂತಿಲ್ಲ. ಆದರೂ ಹೇಳುತ್ತೇನೆ.

"ಸಂಡಾಸದ ಬಣ್ಣಾ ಹೆಂಗ ಐತ್ರಿ?"

೨೦೦೬ರ ಶ್ರಾವಣ. ಗೋಕಾಕದ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಕೂತಿದ್ದೆ. ಪಕ್ಕದಲ್ಲಿ ಅವ್ವ. ಎದುರಿಗೆ ಸೂಜಿ ಹಿಡಿದು ನಿಂತವರು ಅಲ್ಲಿಯ ಟೆಕ್ನಿಷಿಯನ್ ಭೂಪಾಲ. ಸಿಟ್ಟಿನಿಂದ ಎದ್ದೇಬಿಟ್ಟೆ.

"ನಾಚಿಕಿ ಆಗೂದಿಲ್ಲೇನ್ರಿ ನಿಮಗ?"

"ಆಗತೈತ್ರಿ." ಅವರ ಕಿವಿ ನಿಜಕ್ಕೂ ಕೆಂಪಾಗಿದ್ದವು. "ಆದ್ರ ಕೇಳದ ಬಿಟ್ರ ನಿಮಗ ತ್ರಾಸ ಆಗತೈತಿ. ಕೂಡ್ರಿ."

ಮೂಡಲಗಿ ನನ್ನ ಊರು; ಮೇಲವಂಕಿಯ ಸಾಲಿಯಲ್ಲಿ ನಾನು ಶಿಕ್ಷಕಿ. ಮೂರು ತಿಂಗಳಿಂದ ಅಂಗೈ, ಅಂಗಾಲು ಒಂದೇ ಸಮನೆ ಕೆರೆತ. ನಡುನಡುವೆ ಚಳಿಜ್ವರ. ಹಚ್ಚದ ಮುಲಾಮಿಲ್ಲ. ಸಂಕೇಶ್ವರದಿಂದ ನನ್ನನ್ನು ನೋಡಲು ಬಂದವರು ತೋಳಿನ ಗೀರುಗಳನ್ನು ಕಂಡು, "ಹುಡುಗಿಗೆ ಚರ್ಮರೋಗ ಐತಿ" ಎಂದು ಅವಲಕ್ಕಿ ಮುಟ್ಟದೆ ಎದ್ದುಹೋಗಿದ್ದರು.

ಭೂಪಾಲ ನನ್ನ ತೋಳನ್ನು ಬೆಳಕಿಗೆ ಹಿಡಿದು ನೋಡಿದರು. "ಗುಳ್ಳಿ ಇಲ್ಲ, ಏನಿಲ್ಲ. ಇದು ಚರ್ಮದ ಬ್ಯಾನಿ ಅಲ್ರಿ. ಪಿತ್ತ ಕರುಳಿಗೆ ಇಳೀಲಾರದ ಹೊಳ್ಳಿ ರಕ್ತಕ್ಕ ಬರಾಕತ್ತೈತೇನೋ. ಅದಕ್ಕ ಕೇಳಿದೆ."

ನೆಲ ನೋಡುತ್ತ ಹೇಳಿದೆ: "ಬೆಳ್ಳಗ. ಸುಣ್ಣದಂಗ."

ಅವರು ನಗಲಿಲ್ಲ. ರಿಪೋರ್ಟು ಕೈಗೆ ಬಂದದ್ದೇ ತಾವೇ ಡಾಕ್ಟರ ಹತ್ತಿರ ಓಡಿದರು. ಆ ವಾರವೇ ಬೆಳಗಾವಿಯಲ್ಲಿ ನನ್ನ ಪಿತ್ತನಾಳಕ್ಕೆ ಸಿಕ್ಕಿಕೊಂಡಿದ್ದ ಕಲ್ಲನ್ನು ತೆಗೆದರು. ಒಳಗೆ ಕೀವಾಗತೊಡಗಿತ್ತಂತೆ. "ಇನ್ನ ಹತ್ತ ದಿನಾ ಬಿಟ್ಟಿದ್ರ ಜೀವಕ್ಕ ಕಷ್ಟ ಇತ್ತು" ಎಂದರು ದೊಡ್ಡ ಡಾಕ್ಟರು. ಅವ್ವ ಗೋಡೆಗೆ ಒರಗಿ ಅತ್ತಳು.

ತಿಂಗಳ ನಂತರ ಮತ್ತೆ ಲ್ಯಾಬಿಗೆ ಹೋದೆ. ರಿಪೋರ್ಟು ನಾರ್ಮಲ್ ಬಂತು.

"ಪಿತ್ತ ಅಂದ್ರ ಹೊಟ್ಟಿ ತೊಳಸೂದು ಅಷ್ಟ ಅನ್ಕೊಂಡಿದ್ನಿರಿ" ಎಂದೆ.

ಅವರ ಕಣ್ಣು ಮಿನುಗಿದವು. "ನಾವೂ ಅದನ್ನ ಬಟ್ಟಿ ಒಗಿಯೋ ಸಬಕಾರದಂಗ, ಎಣ್ಣಿ ಕರಗಿಸೂದು ಅಷ್ಟ ಅನ್ಕೊಂಡಿದ್ವಿ. ನಮ್ಮ ಡಾಕ್ಟರು ಒಂದು ಹೊಸಾ ಲೇಖನ ಓದಾಕ ಕೊಟ್ಟಾರ. ಪಿತ್ತದ ಆಮ್ಲ ಸುದ್ದೀನೂ ಒಯ್ಯತಾವಂತ. ಸಕ್ಕರಿ, ಕೊಬ್ಬು ಹೆಂಗ ಸಂಬಾಳಿಸಬೇಕಂತ ಲಿವರಿಗೆ ಹೇಳತಾವ. ಕೆಟ್ಟ ಜಂತು ಒಳಗ ನುಗ್ಗದಂಗ ಕರುಳು ಕಾಯತಾವ. ರೋಗದ ಕೂಡ ಹೊಡೆದಾಡೋ ಕಣಗಳಿಗೆ, ಸುಮ್‌ಸುಮ್ನ ಜಗಳಾ ತಗೀಬ್ಯಾಡ್ರಿ ಅಂತಾವ. ಕೆಲಸಾ ಮುಗಿಸಿ ಹೊಳ್ಳಿ ಲಿವರಿಗೇ ಬರತಾವ. ದಿನಕ್ಕ ಐದಾರು ಸಲ!"

"ಅಷ್ಟ ತಿರಗಾಡಿ ದಣಿಯೂದಿಲ್ಲೇನ್ರಿ?"

"ಮೂಡಲಗಿಯಿಂದ ಗೋಕಾಕಕ್ಕ ಬರಾಕ ನೀವು ದಣಿತೀರೇನು?"

ನಾನು ಮುಖ ತಿರುಗಿಸಿ ನಕ್ಕೆ. ಆಮೇಲೆ ಯಾರೂ ಕರೆಯದೆಯೇ ಇನ್ನೂ ಮೂರು ಸಲ ಟೆಸ್ಟಿಗೆಂದು ಹೋದೆ.

ಅವ್ವನಿಗೆ ಎಲ್ಲ ತಿಳಿಯಿತು. ಭೂಪಾಲರ ಹುಕ್ಕೇರಿಯ ಮನೆಗೆ ಸಂಬಂಧ ಕೇಳಿ ಕಳಿಸಿದಳು. ಮೂರನೆಯ ದಿನ ಸಾಲಿ ಬಿಡುವ ಹೊತ್ತಿಗೆ ಭೂಪಾಲ ಮೇಲವಂಕಿಯ ಸಾಲಿಯ ಅಂಗಳದಲ್ಲಿ ನಿಂತಿದ್ದರು.

"ತ್ರಿಶಲಾ ಅವರ, ನಾ ಒಲ್ಲೆ ಅನ್ನಾಕ ಬಂದೇನ್ರಿ."

"ಯಾಕ್ರಿ?"

"ಜೀವಾ ಉಳಿಸಿದೆ ಅಂತ ನಿಮ್ಮ ಮನ್ಯಾಗ ನನ್ನ ದೇವರ ಮಾಡ್ಯಾರ. ಉಪಕಾರದ ಭಾರಕ್ಕ ನೀವು ಹೂಂ ಅಂದ್ರ, ಅದು ನನಗ ಬ್ಯಾಡ."

"ಉಪಕಾರ ಖರೆ ಐತ್ರಿ. ದಿನಾ ಮುಂಜಾನಿ ಬಸದಿಯೊಳಗ ನಿಮ್ಮ ಹೆಸರ ನೆನಸ್ತೀನಿ, ಸಾಯೂತನಕಾ ನೆನಸ್ತೀನಿ. ಆದ್ರ ಉಪಕಾರ ಮಾಡಿದವರಿಗೆ ಕೈ ಮುಗೀತಾರ, ಅವರನ್ನ ಲಗ್ನ ಆಗೂದಿಲ್ಲ. ರಿಪೋರ್ಟ್ ನಾರ್ಮಲ್ ಬಂದ ಮ್ಯಾಲೂ ನಾ ಮೂರ ಸಲ ಯಾಕ ಬಂದೆ, ಹೇಳ್ರಿ?"

ಅವರ ಕಿವಿ ಮತ್ತೆ ಕೆಂಪಾದವು.

"ಆ ಮೂರೂ ಸಲ ನಾ ರಕ್ತಾನ ತಗೀಲಿಲ್ಲಲ್ರಿ."

ಹೌದು. ಚಹಾ ತರಿಸಿ, ಮಾತನಾಡಿಸಿ, ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಂದಿದ್ದರು. ಯಾಕೆ ಸೂಜಿ ಚುಚ್ಚಲಿಲ್ಲ ಎಂದು ನಾನೂ ಕೇಳಿರಲಿಲ್ಲ.

"ಈಗೂ ಒಲ್ಲೆ ಅಂತೀರೇನು?"

"ಈಗ ಅನ್ನಾಕ ಬಾಯಿ ಬರವಲ್ದು" ಎಂದು ಅವರು ನನ್ನ ಕೈ ಹಿಡಿದರು.

ಗೇಟಿನ ಬಳಿ ಮಕ್ಕಳೆಲ್ಲ ನಿಂತು ನೋಡುತ್ತಿದ್ದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.