ಮಾವನ ಕಡಲು, ಅಳಿಯನ ಹೂವು

ಮಾವನನ್ನು ಮುಗಿಸಬೇಕೆಂದು ಅಳಿಯನಿಗೆ ಮೊದಲ ಸಲ ಅನಿಸಿದ್ದು ಚಿತ್ರಪ್ರದರ್ಶನದಲ್ಲಿ, ಹತ್ತು ಜನರ ಮುಂದೆ ಹಲ್ಲು ಕಿರಿದು ನಿಂತಿದ್ದಾಗ. ಗ್ಯಾಲರಿಯ ಮಾಲೀಕ ಇವನತ್ತ ತಿರುಗಿ ಯಾರಿವರು ಎಂದು ಕೇಳಿದ್ದ. "ನಮ್ಮ ಅಳಿಯ. ಚಿತ್ರದ ಸ್ಟ್ಯಾಂಡ್ ಹೊರೋಕೆ ಬರ್ತಾನೆ," ಎಂದ ಮುದುಕ. ಎಲ್ಲರೂ ನಕ್ಕರು. ಅಳಿಯನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ, ಇದ್ದದ್ದು ಮಾವನ ಮನೆ, ಉಣ್ಣುತ್ತಿದ್ದದ್ದು ಮಾವನ ಊಟ.

ಗೋಡೆಯ ಮೇಲಿನ ಆ ಚಿತ್ರಗಳಲ್ಲಿ ಕಡಲು ಮಾವನದು, ಬಂಡೆ ಮಾವನದು, ಆಕಾಶವೂ ಮಾವನದೇ. ಆದರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು ಕೆಳಗಿನ ಕಾಡುಹೂಗಳನ್ನು. ಬಂಡೆಯ ಬಿರುಕಿಗೆ ಕಚ್ಚಿಕೊಂಡ ನೇರಳೆ ಗೊಂಚಲು, ಉಪ್ಪುಗಾಳಿಗೆ ಸೊಟ್ಟಗೆ ಬೆಳೆದ ಹಳದಿ ಮೊಗ್ಗು, ಮರಳ ಮೇಲೆ ಹಬ್ಬಿದ ಬಿಳಿಹೂವಿನ ಬಳ್ಳಿ. ಅವಷ್ಟೂ ಅಳಿಯನವು. ಮುದುಕನ ಕೈ ನಡುಗಲು ಶುರುವಾಗಿ ವರ್ಷಗಳೇ ಆಗಿದ್ದವು. ಅಗಲ ಬ್ರಷ್ಷಿನಿಂದ ಬಳಿದು ಅಲೆ ಎಬ್ಬಿಸಬಲ್ಲ, ಒಂದು ದಳ ಬರೆಯಲಾರ. ಮನೆಯ ಮೂವರನ್ನು ಬಿಟ್ಟರೆ ಈ ಸಂಗತಿ ನರಪಿಳ್ಳೆಗೂ ಗೊತ್ತಿರಲಿಲ್ಲ.

ಚಿತ್ರದ ಮೂಲೆಯಲ್ಲಿ ತನ್ನ ಹೆಸರೂ ಇರಲಿ ಎಂದು ಅಳಿಯ ಒಮ್ಮೆ ಕೇಳಿಯೇ ಬಿಟ್ಟ. ಮುದುಕ ತಲೆ ಕೂಡ ಎತ್ತಲಿಲ್ಲ. "ಹೂವಿಗೆಲ್ಲ ಹೆಸರು ಹಾಕ್ತಾ ಹೋದ್ರೆ, ಸ್ಟ್ಯಾಂಡ್ ಮಾಡಿದ ಬಡಗಿಗೂ ಹಾಕ್ಬೇಕಾಗುತ್ತೆ. ತೆಪ್ಪಗಿರು." ಅಳಿಯ ತೆಪ್ಪಗಾದ. ಹೊಟ್ಟೆಯೊಳಗಿನ ಕಿಚ್ಚು ಮಾತ್ರ ತೆಪ್ಪಗಾಗಲಿಲ್ಲ.

ಉಪಾಯವನ್ನು ಒದಗಿಸಿದವನು ಮುದುಕನೇ. ಅವನು ಹೋಗಿ ಕೂರುತ್ತಿದ್ದದ್ದು ಕಡಲಿಗೆ ಚಾಚಿದ ಬಂಡೆಯ ಮೂತಿಯಲ್ಲಿ. ಕಣ್ಣೆದುರು ಕೊಲ್ಲಿ, ಬೆನ್ನ ಹಿಂದೆ ಪಾತಾಳ. ನಾಲ್ಕು ಗೀಟು ಎಳೆದ ಮೇಲೆ ಎದ್ದು, ಒಂದು ಕಣ್ಣು ಮುಚ್ಚಿ, ಚಿತ್ರ ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆ ಇಡುವುದು ಅವನ ಚಾಳಿ. ಇವತ್ತಲ್ಲ ನಾಳೆ ಬೀಳುತ್ತಾನೆಂದು ಮಗಳೂ ಬೈಯುತ್ತಿದ್ದಳು, ಅವನನ್ನು ಅಲ್ಲಿಗೆ ಬಿಟ್ಟು ಬರುವ ಟ್ಯಾಕ್ಸಿಯವನೂ ಹೇಳುತ್ತಿದ್ದ. ಎಲ್ಲರೂ ಕಾದು ಕೂತ ಸಾವಿಗೆ ಯಾರು ಅನುಮಾನಪಡುತ್ತಾರೆ?

ಆ ಬೆಳಿಗ್ಗೆ ಅಳಿಯ ಬಿಸಿನೀರಿನ ಚೀಲವನ್ನು ಹಣೆಗೆ ಒತ್ತಿಕೊಂಡು ಜ್ವರ ಬರಿಸಿಕೊಂಡ. ಹೆಂಡತಿ ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಮಲಗಿರಿ ಎಂದು ಗದರಿಸಿ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋದಳು. ಮುದುಕ ಗೊಣಗುತ್ತ ಒಬ್ಬನೇ ಹೊರಟ. ಬಿಳಿ ಕ್ಯಾನ್ವಾಸನ್ನೂ ಸ್ಟ್ಯಾಂಡನ್ನೂ ಟ್ಯಾಕ್ಸಿಯವನೇ ಹೊತ್ತು ಬಂಡೆಯ ಮೇಲಿಟ್ಟು ವಾಪಸಾದ. ಅಳಿಯ ಹಿತ್ತಿಲು ದಾಟಿ, ಪೊದೆಗಳ ನಡುವಿನ ಕಾಲುದಾರಿ ಹಿಡಿದ. ಒಂದು ನಾಯಿಯೂ ಎದುರಾಗಲಿಲ್ಲ.

ಮುದುಕ ಅವನನ್ನು ಕಂಡು ಬೆರಗಾಗಲಿಲ್ಲ. "ಬಂದ್ಯಾ? ಒಳ್ಳೇದಾಯ್ತು. ಕೆಳಗೆಲ್ಲ ಖಾಲಿ ಬಿದ್ದಿದೆ, ಕೂತ್ಕೊಂಡು ತುಂಬು," ಎಂದು ಎಂದಿನಂತೆ ಒಂದು ಕಣ್ಣು ಮುಚ್ಚಿ ಹಿಂದೆ ಸರಿದ. ಅಳಿಯ ಎರಡೂ ಅಂಗೈಗಳನ್ನು ಅವನ ಎದೆಗಿಟ್ಟು ನೂಕಿದ. ಅಷ್ಟೇ. ಮುದುಕನಿಗೆ ಬೈಯಲೂ ಪುರುಸೊತ್ತು ಸಿಗಲಿಲ್ಲ.

ದಡ್ಡನಾಗಿದ್ದರೆ ಅಲ್ಲಿಂದ ಓಡುತ್ತಿದ್ದ. ಅಳಿಯ ಓಡಲಿಲ್ಲ. ಅರ್ಧಕ್ಕೆ ನಿಂತ ಚಿತ್ರ ಕಂಡರೆ, ಕೆಲಸದ ನಡುವೆ ಯಾರೋ ಬಂದಿದ್ದರು ಎಂದು ಪೊಲೀಸರಿಗೆ ಅನಿಸಬಹುದು. ಮುಗಿದ ಚಿತ್ರವಾದರೆ ಮಾತೇ ಬೇರೆ: ಕೊನೆಯ ಗೀಟು ಎಳೆದ, ಖುಷಿಯಿಂದ ಹಿಂದೆ ಸರಿದ, ಬಿದ್ದ. ಅವನು ಮಾವನ ಸ್ಟೂಲಿನ ಮೇಲೆ ಕೂತು ತೆಳ್ಳನೆಯ ಬ್ರಷ್ಷು ಎತ್ತಿಕೊಂಡ. ನೇರಳೆ, ಹಳದಿ, ಬಿಳಿ. ಹಿಂದೆ ನಿಂತು ತಪ್ಪು ಹುಡುಕುವವರಿಲ್ಲದೆ ಕೈ ಎಷ್ಟು ಹಗುರಾಗಿ ಓಡಿತು! ಅವನ ಬಾಳಿನಲ್ಲೇ ಅಂಥ ಹೂಗಳು ಬಂದಿರಲಿಲ್ಲ. ಮನೆಗೆ ಬಂದು ಕೈ ತೊಳೆದು ಹೊದ್ದು ಮಲಗಿದ.

ಎಲ್ಲವೂ ಅವನೆಣಿಸಿದಂತೆಯೇ ಆಯಿತು. ಕರೆದೊಯ್ಯಲು ಬಂದ ಟ್ಯಾಕ್ಸಿಯವನು ಖಾಲಿ ಸ್ಟೂಲನ್ನೂ ಇನ್ನೂ ಹಸಿಯಾಗಿದ್ದ ಚಿತ್ರವನ್ನೂ ಕಂಡು ಕೂಗಿಕೊಂಡ. ಗಂಡ ಜ್ವರದಲ್ಲಿ ಮಲಗಿದ್ದರೆಂದು ಹೆಂಡತಿ ಹೇಳಿಕೆ ಕೊಟ್ಟಳು. ಆಕಸ್ಮಿಕ ಸಾವೆಂದು ಬರೆದುಕೊಂಡ ಮಹಿಳಾ ಇನ್ಸ್‌ಪೆಕ್ಟರ್ ಚಿತ್ರವನ್ನು ಠಾಣೆಯಲ್ಲಿರಿಸಿಕೊಂಡಳು.

ಸ್ಮರಣಾರ್ಥ ಪ್ರದರ್ಶನದ ದಿನ ಗ್ಯಾಲರಿಯ ಮಾಲೀಕ ಮೈಕು ಹಿಡಿದು ಸತ್ತವನ ಹೂಗಳನ್ನು ಹೊಗಳಿದ, ಹೊಗಳಿದ, ಹೊಗಳುತ್ತಲೇ ಹೋದ. ಹಾಳಾದ ಮುದುಕ ಸತ್ತೂ ಕಸಿದುಕೊಳ್ಳುತ್ತಿದ್ದಾನಲ್ಲ! ಅಳಿಯನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಮೈಕು ಕಿತ್ತುಕೊಂಡು, ಹೂಗಳೆಲ್ಲ ತನ್ನವು ಎಂದ. ಜನ ಗುಸುಗುಸು ನಕ್ಕರು. ಅವನು ಅಲ್ಲೇ ಕಾಗದ ತರಿಸಿ, ಎಲ್ಲರೆದುರು ನೇರಳೆ ಗೊಂಚಲೊಂದನ್ನು ಬರೆದು ಎತ್ತಿ ಹಿಡಿದಾಗ ನಗು ನಿಂತಿತು. ಹೆಂಡತಿಯೂ ಪಕ್ಕಕ್ಕೆ ಬಂದು ನಿಂತಳು. "ನಿಜ. ಅಪ್ಪನ ಕೈಲಿ ಒಂದು ಹೂವೂ ಆಗ್ತಿರಲಿಲ್ಲ. ಎಲ್ಲ ಇವರೇ ಬರೀತಿದ್ದದ್ದು," ಎಂದಳು, ಹೆಮ್ಮೆಯಿಂದ. ಚಪ್ಪಾಳೆ ಬಿತ್ತು. ಎಷ್ಟೋ ವರ್ಷಗಳ ಉರಿ ಆ ಸದ್ದಿನಲ್ಲಿ ತಣ್ಣಗಾಯಿತು.

ಚಪ್ಪಾಳೆ ತಟ್ಟದೆ ನಿಂತಿದ್ದವಳು ಇನ್ಸ್‌ಪೆಕ್ಟರ್ ಒಬ್ಬಳೇ. ಕೊನೆಯ ಚಿತ್ರವನ್ನು ವಾಪಸು ಕೊಡಲೆಂದು ಅವಳು ಆಗಷ್ಟೇ ಬಂದು, ಅದನ್ನು ಬಾಗಿಲ ಬಳಿ ಗೋಡೆಗೆ ಒರಗಿಸಿದ್ದಳು. ಅಪ್ಪನ ಕೊನೆಯ ಕಡಲನ್ನು ನೋಡಲು ಹೆಂಡತಿ ಕಣ್ಣೊರೆಸಿಕೊಂಡು ಹತ್ತಿರ ಹೋದಳು, ಬಗ್ಗಿದಳು, ಹಾಗೆಯೇ ನಿಂತುಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಂತೆ, ಕೇಳಿದಳು: "ರೀ, ಈ ಹೂಗಳನ್ನ ಯಾವಾಗ ಬರೆದ್ರಿ?"