ಜಡೆ ಹೆಣೆದ ಟೈರು

“ಏನ್ರಿ ಅದು ಕೈಯಾಗೆ?”

ಆ ದನಿ ಕೇಳಿ ಪಾಲಯ್ಯ ಬಗ್ಗಿದ್ದವನು ಬಗ್ಗಿದಂತೆಯೇ ನಿಂತುಬಿಟ್ಟ. ಕೈಯಲ್ಲೊಂದು ಮಂಕರಿ, ಮಂಕರಿ ತುಂಬ ಬಳ್ಳಾರಿ ಜಾಲಿಯ ಮುಳ್ಳು. ಅರ್ಧ ಮುಳ್ಳು ಆಗಲೇ ಅವನ ಸೈಕಲ್ ಶಾಪಿನ ಮುಂದೆ ರಸ್ತೆಯ ಮೇಲೆ ಹರಡಿತ್ತು. ಅಂಗಡಿಯ ಗೋಡೆಗೆ ಒಂದು ಪೊರಕೆ ಒರಗಿತ್ತು.

ಎದುರಿಗೆ ನಿಂತಿದ್ದವಳು ಏಕನಾಥಮ್ಮ. ತುರುವನೂರಿಗೆ ಬಂದು ಇನ್ನೂ ವರ್ಷ ತುಂಬದ ಸರ್ಕಾರಿ ಹೆರಿಗೆ ನರ್ಸು. ಚಿತ್ರದುರ್ಗದ ಕೋಟೆಯ ಅಮ್ಮನ ಹೆಸರು ಇಟ್ಟಿದ್ದಕ್ಕೋ ಏನೋ, ಸಿಟ್ಟೂ ಆ ಅಮ್ಮನದೇ ಎಂದು ಊರವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮುಂದೆ ಆಡುವ ಧೈರ್ಯ ಯಾರಿಗಿತ್ತು ಹೇಳಿ!

ಎಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆ ಅದು. ನೆತ್ತಿ ಸುಡುವ ಬಿಸಿಲಿನಲ್ಲಿ ಆಕೆ ಗುಡ್ಡದ ಹಟ್ಟಿಯಿಂದ ಸೈಕಲ್ ತಳ್ಳಿಕೊಂಡೇ ಬಂದಿದ್ದಳು. ಹಿಂದಿನ ಗಾಲಿ ಪಂಕ್ಚರ್. ಬೆಳಿಗ್ಗೆ ಹೋಗುವಾಗಲೇ ಆಗಿದ್ದು. ಅವಳು ಹಟ್ಟಿ ಮುಟ್ಟುವ ಹೊತ್ತಿಗೆ ಹೊನ್ನಕ್ಕನ ಹೆರಿಗೆ ಮುಗಿದು, ರಕ್ತ ನಿಲ್ಲದೆ, ಗಾಡಿಯಲ್ಲಿ ಮಲಗಿಸಿ ದುರ್ಗದ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಹೊನ್ನಕ್ಕನ ಜೀವ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಈ ಸೀಮೆಯವರು ಬೇಸಿಗೆಯಲ್ಲಿ ಜಾಲಿ ಕಡಿದು, ಗಾಡಿಗೆ ಹೇರಿ, ಹೊಲಕ್ಕೆ ಬೇಲಿ ಕಟ್ಟುತ್ತಾರೆ. ಗಾಡಿ ಹೋದ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಪಂಕ್ಚರ್ ಆದಾಗಲೆಲ್ಲ ಏಕನಾಥಮ್ಮ ಆ ಗಾಡಿಯವರನ್ನೇ ಬೈದುಕೊಂಡಿದ್ದಳು. ಇವತ್ತು ಕಣ್ಣಾರೆ ಕಂಡಿದ್ದು ಬೇರೆ.

‘ಅಯ್ಯೋ, ಇವನನ್ನೇ ನಾನು ಒಳ್ಳೆಯವನು ಅಂದುಕೊಂಡಿದ್ದೆನಲ್ಲ...’ ಅವಳ ಎದೆ ಉರಿಯಿತು. ಪಂಕ್ಚರ್ ಹಾಕುವಾಗ ಕುಂತ್ಕಳ್ರಿ ಎಂದು ಸ್ಟೂಲು ಒರೆಸಿ ಕೊಡುತ್ತಿದ್ದವನು. ತಲೆ ಎತ್ತಿ ನೋಡದೆ, ನೋಡದಿದ್ದರೂ ನಗುತ್ತಿದ್ದವನು.

“ಪಂಕ್ಚರ್ ಆಗ್ಲಿ ಅಂತ ಮುಳ್ಳು ಚೆಲ್ತೀರಾ? ಅಲ್ಲಿ ಒಬ್ಬ ತಾಯಿ ಸಾಯ್ತಾ ಬಿದ್ದೌಳೆ. ನಿಮ್ ಅಂಗಡಿ ನಡೆದ್ರೆ ಸಾಕಾ ನಿಮಗೆ?”

ಬೇವಿನ ಮರದಡಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ಬಂದರು. ಹೋಟೆಲಿನ ಮೂರ್ತಪ್ಪನೂ ಬಂದ. ಎಲ್ಲರ ಕಣ್ಣು ಮಂಕರಿಯ ಮೇಲೆ.

ಪಾಲಯ್ಯನ ಮುಖ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದ. ಸುತ್ತ ನಿಂತ ಜನರನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ.

“ಅದು ಬ್ಯಾರೆ ಕೆಲ್ಸಕ್ಕೆ ನರ್ಸಮ್ಮ,” ಎಂದ ಮೆಲ್ಲಗೆ. “ಸೈಕಲ್ ಇತ್ತ ಕೊಡ್ರಿ. ಹಾಕ್ಕೊಡ್ತೀನಿ.”

ಆಕೆ ಕೊಡಲಿಲ್ಲ. ಸೈಕಲ್ ತಳ್ಳಿಕೊಂಡೇ ಹೊರಟುಹೋದಳು.

ಊರು ಎಂದರೆ ಊರೇ. ಸಂಜೆಯೊಳಗೆ ಪಾಲಯ್ಯ ಮುಳ್ಳಿನ ಪಾಲಯ್ಯನಾದ. ಸೈಕಲ್ಲಿನಲ್ಲಿ ದುರ್ಗಕ್ಕೆ ಹಾಲು ಒಯ್ಯುವ ಹಾಲಿನವರು ಅವನ ಅಂಗಡಿ ಬಿಟ್ಟು ದುರ್ಗದಲ್ಲೇ ಪಂಕ್ಚರ್ ಹಾಕಿಸತೊಡಗಿದರು. ಮೂರ್ತಪ್ಪ ಅವನಿಗೆ ಟೀ ಕೊಡುವಾಗ ಲೋಟವನ್ನು ಕುಕ್ಕಿ ಇಡತೊಡಗಿದ. ಪಾಲಯ್ಯ ಮಾತ್ರ ಯಾರಿಗೂ ಏನೂ ಹೇಳಲಿಲ್ಲ.

ಹೊನ್ನಕ್ಕ ಉಳಿದಳು. ಆದರೆ ಏಕನಾಥಮ್ಮನ ಎದೆಯ ಭಾರ ಇಳಿಯಲಿಲ್ಲ. ಏಕೆಂದರೆ ಅದೇ ಹಟ್ಟಿಯಲ್ಲಿ ನಿಂಗಕ್ಕನಿದ್ದಳು. ಎರಡು ಸಲ ಬಸುರಾಗಿ, ಎರಡು ಕೂಸನ್ನೂ ಹೆರಿಗೆಯಲ್ಲೇ ಕಳೆದುಕೊಂಡವಳು. ಈಗ ಮತ್ತೆ ದಿನ ತುಂಬುತ್ತಿತ್ತು. ದುರ್ಗದ ಆಸ್ಪತ್ರೆಗೆ ಮೊದಲೇ ಹೋಗಿ ಸೇರಿಕೋ ಎಂದರೆ ಅತ್ತೆ ಬಿಡಲೊಲ್ಲಳು. ಹೋದ ವಾರ ನಿಂಗಕ್ಕ ಅವಳ ಕೈ ಹಿಡಿದು ಒಂದೇ ಮಾತು ಕೇಳಿದ್ದಳು.

“ನೀವು ಬರ್ತೀರಲ್ಲ ನರ್ಸಮ್ಮ?”

“ಬರ್ತೀನಿ,” ಎಂದಿದ್ದಳು ಏಕನಾಥಮ್ಮ. ಅಂದು ಬಂದ ಮೇಲೆ ಸೈಕಲ್ಲಿನ ಗಾಲಿ ನೋಡುತ್ತ ಬಹಳ ಹೊತ್ತು ಕುಳಿತಿದ್ದಳು. ಮಾತು ಕೊಟ್ಟದ್ದು ತಾನು. ಉಳಿಸಿಕೊಳ್ಳಬೇಕಾದದ್ದು ಒಂದು ಬಡಪಾಯಿ ಟ್ಯೂಬು!

ಒಂದು ಮುಂಜಾನೆ, ಬಾಡಿಗೆ ಮನೆಯ ಒಡತಿ ಚಂದ್ರಕ್ಕನ ಹಿತ್ತಿಲಿನಿಂದ ಹಾಲಿಗೆಂದು ಹೊರಟವಳಿಗೆ ಬಯಲಿನಲ್ಲಿ ಯಾರೋ ಸೈಕಲ್ ಹೊಡೆಯುವುದು ಕಂಡಿತು. ಪಾಲಯ್ಯ! ಬಯಲಿಗೆ ಹಾಸಿದಂತೆ ಮುಳ್ಳು ಹರಡಿಕೊಂಡು, ಅದರ ಮೇಲೆಯೇ ಹೋಗುತ್ತಿದ್ದ, ಬರುತ್ತಿದ್ದ. ಬದಿಗೆ ಒಂದು ಪೊರಕೆ ಒರಗಿತ್ತು.

ಅವಳಿಗೆ ತಟ್ಟನೆ ನೆನಪಾಯಿತು. ಅವತ್ತೂ ಅಂಗಡಿಯ ಗೋಡೆಗೆ ಇದೇ ಪೊರಕೆ ಒರಗಿತ್ತಲ್ಲ? ಪಂಕ್ಚರ್ ಮಾಡಿಸಬೇಕೆಂದು ಮುಳ್ಳು ಚೆಲ್ಲುವವನು ಗುಡಿಸಲು ಪೊರಕೆ ಯಾಕೆ ಇಟ್ಟುಕೊಳ್ಳುತ್ತಾನೆ?

ಹತ್ತಿರ ಹೋದಳು. ಟೈರಿನ ತುಂಬ ಮುಳ್ಳು ಚುಚ್ಚಿಕೊಂಡು ಮುಳ್ಳುಹಂದಿಯಂತಾಗಿತ್ತು. ಬುಸ್ ಎನ್ನುವ ಸದ್ದಿಲ್ಲ. ಗಾಲಿ ಒಂದಿಷ್ಟೂ ಕುಸಿದಿಲ್ಲ.

“ಇದರಾಗೆ... ಗಾಳಿ?”

“ಇಲ್ಲ,” ಎಂದ ಪಾಲಯ್ಯ ಸೊಂಟ ಹಿಡಿದುಕೊಂಡು ಇಳಿಯುತ್ತ. “ಗಾಳಿ ಇದ್ರೆ ತಾನೆ ಹೋಗೋದು?”

ಆಮೇಲೆ, ಅವಳು ಕೇಳುತ್ತಾ ಹೋದಂತೆ, ಒಂದೊಂದಾಗಿ ಹೇಳಿದ. ಹಿರಿಯೂರಿನ ಹೆದ್ದಾರಿ ಪಕ್ಕದ ಲಾರಿ ಟೈರಿನ ಅಂಗಡಿಯಲ್ಲಿ ಕೆಲಸ ಕಲಿತವನಂತೆ. ಅಲ್ಲೊಂದು ಹತ್ತಿ ಮಿಲ್ಲಿನಲ್ಲಿ ತಳ್ಳುಗಾಡಿಗಳಿಗೆ ಗಟ್ಟಿ ರಬ್ಬರಿನ ಗಾಲಿ ನೋಡಿದ್ದನಂತೆ. ಟ್ಯೂಬು ಬೇಡ, ಪಂಪು ಬೇಡ, ಮೊಳೆ ಹೊಕ್ಕರೂ ನಿಲ್ಲುವುದಿಲ್ಲ. ಅದನ್ನೇ ಸೈಕಲ್ಲಿಗೆ ತರಬಾರದೇಕೆ ಎಂದು ಹಳೇ ಲಾರಿ ಟೈರನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಒಳಗೆ ತುಂಬಿದ್ದ. ಮೊದಲ ಸಲ ತುಂಬಿದ್ದು ಸಡಿಲವಾಗಿ ಟೈರೇ ಕಳಚಿ ಬಿತ್ತು. ಈ ಸಲ ನಿಂತಿದೆ. ಆದರೆ ಕಲ್ಲಿನ ಹಾಗೆ ಗಟ್ಟಿ, ಮೈಯೆಲ್ಲ ಮುರಿಯುತ್ತದೆ.

“ಯಾರಿಗೆ ಮಾಡ್ತಿದ್ದೀರಿ ಇದನ್ನ?”

ಪಾಲಯ್ಯ ತಲೆ ತಗ್ಗಿಸಿ ಟೈರಿನಿಂದ ಮುಳ್ಳು ಕೀಳತೊಡಗಿದ. ಅವಳಿಗೆ ಎಲ್ಲ ತಿಳಿದುಹೋಯಿತು. ಕೆನ್ನೆ ಬಿಸಿಯಾಯಿತು.

“ಅವತ್ತೇ ಹೇಳಬೌದಿತ್ತಲ್ರಿ...”

“ಅಷ್ಟು ಜನದ ಮುಂದೆ, ಇದು ನರ್ಸಮ್ಮಂಗೆ ಅಂತ ನಾನು ಹೆಂಗೆ ಹೇಳ್ಲಿ? ನೀವು ಒಬ್ರೇ ಇರೋರು. ನಾಳೆ ನಿಮ್ ಹೆಸ್ರು ನನ್ ಹೆಸ್ರು ಸೇರಿಸಿ ಹೋಟೆಲಿನಾಗೆ ಮಾತಾಡ್ತಿದ್ರು. ನಂದೊಂದೇ ಹೆಸ್ರು ಕೆಟ್ರೆ ಕೆಡ್ಲಿ ಬಿಡ್ರಿ.”

ಏಕನಾಥಮ್ಮನ ಕಣ್ಣು ತುಂಬಿಬಂದವು. ಹೆರಿಗೆಯ ಮನೆಯಲ್ಲಿ ಹತ್ತು ಜನರನ್ನು ಗದರುವ ಬಾಯಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಸುಮ್ಮನೆ ಸೈಕಲ್ ಕಿತ್ತುಕೊಂಡು ಹತ್ತಿ, ಬಯಲಿನಲ್ಲಿ ಒಂದು ಸುತ್ತು ಹೊಡೆದಳು. ಹಲ್ಲು ಕಟಕಟ ಎಂದವು.

“ಶಿವನೇ... ಇದರ ಮ್ಯಾಲೆ ಹಟ್ಟಿಗೆ ಹೋದ್ರೆ ಬಾಣಂತಿ ಪಕ್ಕ ನನಗೂ ಒಂದು ಹಾಸಿಗೆ ಹಾಸಬೇಕು.”

ಅವನು ನಕ್ಕ. ಅವಳೂ ನಕ್ಕಳು, ಕಣ್ಣಲ್ಲಿ ನೀರಿಟ್ಟುಕೊಂಡೇ.

ಆಮೇಲೆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ನೋಡಿದಳು. ಒಂದರ ಮೇಲೊಂದು ಒತ್ತಿ ತುಂಬಿದರೆ ಮೆತ್ತಗಿರಲು ಜಾಗವೆಲ್ಲಿ? ಯೋಚಿಸುವಾಗ ಬೆನ್ನ ಮೇಲಿನ ಜಡೆಯನ್ನು ಮುಂದೆ ಎಳೆದು ತಿರುವುವುದು ಅವಳ ಅಭ್ಯಾಸ. ತಿರುವುತ್ತಿದ್ದ ಬೆರಳು ಅಲ್ಲೇ ನಿಂತಿತು. ಜಡೆಯನ್ನು ಅದುಮಿದಳು. ಒಳಗೆ ಹೋಯಿತು. ಬಿಟ್ಟಳು, ಮತ್ತೆ ಎದ್ದಿತು.

“ಲಾರಿ ಟೈರು ಬ್ಯಾಡ. ಹಳೇ ಟ್ಯೂಬು ಐತಾ? ಸಣ್ಣಗೆ ಸೀಳ್ರಿ. ಜಡೆ ಹೆಣೆಯಾಣ.”

“ಟೈರಿಗೆ ಜಡೆ?”

“ಹ್ಞೂಂ. ಎಳೆ ಎಳೆ ನಡುವೆ ಸಂದು ಇರ್ತದಲ್ಲ, ಭಾರ ಬಿದ್ರೆ ತಗ್ತದೆ, ಭಾರ ಇಳಿದ್ರೆ ಎದ್ದೇಳ್ತದೆ.”

ಪಾಲಯ್ಯನಿಗೆ ಜಡೆ ಹೆಣೆದು ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ, ಮನೆಯಲ್ಲಿ ಹೆಣ್ಣುಮಕ್ಕಳೇ ಇಲ್ಲ. ಯಾರೂ ಆಡಿಕೊಳ್ಳಬಾರದೆಂದು ಚಂದ್ರಕ್ಕನ ಕಣ್ಣಿಗೆ ಬೀಳುವ ಹಾಗೆಯೇ ಅಂಗಡಿಯ ಹಿಂದಿನ ಜಗುಲಿಯ ಮೇಲೆ ಕುಳಿತು, ಅವನು ಮೂರು ಎಳೆಯ ತುದಿ ಹಿಡಿದ, ಅವಳು ಹೆಣೆದಳು. ಒಮ್ಮೆ ಬೆರಳಿಗೆ ಬೆರಳು ತಾಗಿದ್ದೇ ತಡ, ಅವನು ತುದಿ ಬಿಟ್ಟುಬಿಟ್ಟ. ಹೆಣೆದದ್ದೆಲ್ಲ ಬಿಚ್ಚಿಹೋಯಿತು.

“ತುದಿ ಬಿಡಬ್ಯಾಡ್ರಿ,” ಎಂದಳು ಅವಳು, ಸಿಟ್ಟಿಲ್ಲದ ದನಿಯಲ್ಲಿ. “ಬಿಟ್ರೆ ಮೊದಲಿಂದ ಹೆಣೀಬೇಕು.”

ಹೆಣೆದ ಜಡೆಯನ್ನು ಅವನು ಅವಳ ಸೈಕಲ್ಲಿನ ಹೊರ ಟೈರಿನೊಳಗೆ ಬಿಗಿಯಾಗಿ ತುಂಬಿ, ತುದಿ ಸೇರಿಸಿ ಹೊಲಿದ. ಎರಡೂ ಗಾಲಿಗೆ. ಸೈಕಲ್ ಭಾರವಾಗಿತ್ತು, ನಿಜ. ಪೆಡಲ್ ಒತ್ತಿದರೆ ತೊಡೆ ಬಿಗಿಯುತ್ತಿತ್ತು, ಓಟವೂ ತುಸು ಕಮ್ಮಿ. ಆದರೆ ಮೈ ಮುರಿಯುತ್ತಿರಲಿಲ್ಲ, ಚೀಲದ ಔಷಧಿ ಬಾಟಲಿಗಳು ಒಡೆಯುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ನಿಂಗಕ್ಕನ ಗಂಡ ದಾಸಣ್ಣ ಬೆಳಿಗ್ಗೆ ಏದುಸಿರು ಬಿಡುತ್ತ ಓಡಿಬಂದ. ನೋವು ಶುರುವಾಗಿತ್ತು. ಏಕನಾಥಮ್ಮ ಚೀಲ ಸಿಕ್ಕಿಸಿಕೊಂಡು ಸೈಕಲ್ ಹತ್ತಿದಳು.

ಹಟ್ಟಿಯ ತಿರುವಿನಲ್ಲಿ ಅವಳ ಕಣ್ಣು ದಾರಿಯ ಮೇಲೆ ಬಿತ್ತು. ಅಂದೇ ಬೆಳಿಗ್ಗೆ ಜಾಲಿಯ ಗಾಡಿ ಹೋಗಿತ್ತು. ದಾರಿಗೆ ದಾರಿಯೇ ಮುಳ್ಳು. ಅಭ್ಯಾಸಬಲದಿಂದ ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಕೊಟ್ಟುಬಿಟ್ಟಳು.

‘ತಳ್ಳಿಕೊಂಡು ಹೋಗಲಾ? ತಳ್ಳಿದರೆ ಹೊನ್ನಕ್ಕನ ಹಾಗೇ...’

ನಿಂಗಕ್ಕನ ಮುಖ ಕಣ್ಣ ಮುಂದೆ ಬಂತು. ಆಮೇಲೆ ಮುಳ್ಳಿನ ಮೇಲೆ ಹೋಗುತ್ತಾ ಬರುತ್ತಾ ಇದ್ದ ಒಬ್ಬ ಮನುಷ್ಯ ನೆನಪಾದ. ಅವನು ಸುಮ್ಮನೆ ಸೊಂಟ ಮುರಿದುಕೊಂಡನೇ?

ಕಾಲೆತ್ತಿ ಪೆಡಲ್ ಮೇಲಿಟ್ಟಳು. ಚಟಚಟ ಎಂದು ಮುಳ್ಳು ಮುರಿಯಿತು. ಗಾಲಿ ನಿಲ್ಲಲಿಲ್ಲ.

ನಿಂಗಕ್ಕನ ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಸ್ವಲ್ಪ ತಡವಾಗಿದ್ದರೂ ಕೈತಪ್ಪುತ್ತಿತ್ತು. ಏಕನಾಥಮ್ಮ ಬಳ್ಳಿ ಬಿಡಿಸಿ, ಕೂಸನ್ನು ಎತ್ತಿ, ಬೆನ್ನು ತಟ್ಟಿದಳು. ಅದು ಅಳಲಿಲ್ಲ. ಮತ್ತೆ ತಟ್ಟಿದಳು. ಆಗ ಅತ್ತಿತು ನೋಡಿ! ಹಟ್ಟಿಗೆ ಹಟ್ಟಿಯೇ ಕೇಳುವ ಹಾಗೆ ಅತ್ತಿತು. ನಿಂಗಕ್ಕನೂ ಅತ್ತಳು, ನರ್ಸಮ್ಮನೂ ಅತ್ತಳು.

ಮಧ್ಯಾಹ್ನ ಬಸ್ಸಿಗೆ ಕಾಯುವ ಜನ ಬೇವಿನ ಮರದಡಿ ಸೇರಿದ್ದಾಗ ಏಕನಾಥಮ್ಮನ ಸೈಕಲ್ ನೇರ ಪಾಲಯ್ಯನ ಅಂಗಡಿಯ ಮುಂದೆ ಬಂದು ನಿಂತಿತು. ಗಾಲಿಯ ತುಂಬ ಮುಳ್ಳು. ಅವಳು ಮೂರ್ತಪ್ಪನನ್ನೂ ಕೂಗಿ ಕರೆದಳು.

“ಅವತ್ತು ಇಲ್ಲೇ ನಿಂತು ಇವರಿಗೆ ಬೈದೆ. ತಪ್ಪು ನಂದು. ಇವರು ಮುಳ್ಳು ಹಾಕಿದ್ದು ನನ್ ಗಾಲಿ ಗಟ್ಟಿ ಐತಾ ಅಂತ ನೋಡಾಕೆ. ನನಗೋಸ್ಕರ ಮಾಡಿದ್ರು. ಇವತ್ತು ನಿಂಗಕ್ಕನ ಮಗ ಉಳಿದಿದ್ದು ಈ ಗಾಲಿಯಿಂದ.”

ಮೂರ್ತಪ್ಪ ಬಗ್ಗಿ ಟೈರು ಒತ್ತಿ ನೋಡಿದ, ಒಂದು ಮುಳ್ಳು ಕಿತ್ತು ನೋಡಿದ. ಹೋಟೆಲಿಗೆ ಹೋಗಿ ಒಂದು ಟೀ ತಂದು ಪಾಲಯ್ಯನ ಕೈಗೇ ಕೊಟ್ಟ. ಹಾಲಿನವರು ನಮಗೂ ಒಂದು ಹಂಗೇ ಮಾಡಿಕೊಡಪ್ಪ ಎಂದು ಆಗಲೇ ಸುತ್ತುಗಟ್ಟಿದರು.

ಬಸ್ಸು ಬಂದು, ಜನ ಕರಗಿದ ಮೇಲೆ ಪಾಲಯ್ಯ ತಲೆ ತಗ್ಗಿಸಿಯೇ ಕೇಳಿದ.

“ನಿಮಗೋಸ್ಕರ ಅಂತ ಯಾಕೆ ಹೇಳಿದ್ರಿ? ಇನ್ನು ಜನ ಏನೇನೋ ಅನ್ಕಂತಾರೆ.”

“ಅನ್ಕಳ್ಲಿ. ಅವರು ಅನ್ಕಳದು ಸುಳ್ಳಾ?”

ಪಾಲಯ್ಯ ಮೊದಲ ಸಲ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ.

“ಸುಳ್ಳಲ್ಲ,” ಎಂದ. “ನೀವು ಈ ಊರಿಗೆ ಬಂದಾಗಿಂದ ಸುಳ್ಳಲ್ಲ.”

ಏಕನಾಥಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಅವಳಿಗೇ ಗೊತ್ತಾಗಲಿಲ್ಲ. ಅವನು ಎಂದಿನಂತೆ ಸ್ಟೂಲು ಒರೆಸಿ ಇಟ್ಟ. ಅವಳು ಕುಳಿತಳು. ಹಾಲಿನವರ ಗಾಲಿಗೆ ಬೇಕಾಗುವ ಟ್ಯೂಬಿನ ಎಳೆಗಳು ಪಕ್ಕದಲ್ಲೇ ಇದ್ದವು. ಮೂರು ಎಳೆ ಆರಿಸಿ, ತುದಿಯನ್ನು ಅವನ ಕಡೆ ಚಾಚಿದಳು.

“ದುರ್ಗಕ್ಕೆ ಹೋಗಿ ನಮ್ಮಪ್ಪನ್ನ ಕೇಳಬೇಕು ನೀವು. ಅಲ್ಲೀತಂಕ ತುದಿ ಹಿಡ್ಕಳ್ರಿ.”

ಪಾಲಯ್ಯ ಹಿಡಿದುಕೊಂಡ. ಬೆರಳಿಗೆ ಬೆರಳು ತಾಗಿತು.

“ಈ ಸಲ ಬಿಡ್ತೀರಾ?”

“ಇಲ್ಲ,” ಎಂದ ಅವನು. “ನೀವು ಹೆಣೀರಿ.”