ದೀಪ ಹಚ್ಚಿದ ಮೇಲೆ ಹೆಪ್ಪು

"ಒಂದು ಚಮಚ ಹೆಪ್ಪು ಸಿಗ್ತದೇನ್ರಿ?"

ಬಾಗಿಲಲ್ಲಿ ಎದುರು ಕೋಣೆಯ ಮಧ್ವೇಶ, ಕೈಯಲ್ಲಿ ಬೆಚ್ಚನೆಯ ಹಾಲಿನ ಪಾತ್ರೆ. ಸಿನಿಮಾ ಆಗಿದ್ದರೆ ಗಾಳಿ ಬೀಸಿ ಹಾಡು ಶುರುವಾಗುತ್ತಿತ್ತು. ಜೋರಾಪುರ ಪೇಟೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು.

ಮೃಣಾಲ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಈ ಬಾಡಿಗೆ ಕೋಣೆಗೆ ಬಂದ ಮೇಲೆ ಅವಳ ಬಾಗಿಲನ್ನು ಯಾರೂ ಬಡಿದಿರಲಿಲ್ಲ. ಮೊದಲ ಸಲ ಬಡಿದವನಿಗೆ ಅವಳು ಹೇಳಿದ್ದು...

"ಈಗ ಕೊಡಂಗಿಲ್ರಿ."

ಕೆಳಗೆ ಮನೆ ಮಾಲಕಿ ತುಂಗಾಬಾಯಿ ಆಗಷ್ಟೇ ದೀಪ ಹಚ್ಚಿ ಮೇಲೆ ನೋಡುತ್ತಿದ್ದರು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊರಗೆ ಕೊಟ್ಟರೆ ಲಕ್ಷ್ಮಿಯೂ ಹೊರಟಳು ಎಂಬುದು ಅವರ ಕಾನೂನು. 'ಈ ಊರಾಗ ಇದನ್ನೂ ಬಿಡಿಸಿ ಹೇಳಬೇಕಾ?' ಎಂದುಕೊಂಡಳು ಮೃಣಾಲ.

"ಹೀರೋ ಎಕ್ಸಿಟ್," ಎಂದು ನಗುತ್ತಾ ಹೋದ ಮಧ್ವೇಶ ಮತ್ತೆ ಅವಳ ಕಡೆ ನೋಡಲಿಲ್ಲ.

ಆ ವಾರ ತರಗತಿಯಲ್ಲಿ ಅವಳು 'ಸೆಟ್' ಎಂದು ಬರೆದು ಅರ್ಥ ಕೇಳಿದಳು.

"ನಮ್ಮೂರು ಘೋಣಸಗಿ ಹೊಲದಾಗ ಪಂಪ್‌ಸೆಟ್ ಐತ್ರಿ," ಎಂದ ಒಬ್ಬ ಹುಡುಗ.

"ಸಿನಿಮಾ ಸೆಟ್ ರೀ."

"ಹುಡುಗಿ ಸೆಟ್ ಆದ್ಲಂದ್ರ ಏನ್ರಿ ಮೇಡಂ?" ಹಿಂದಿನ ಬೆಂಚು.

ಅವಳೂ ನಕ್ಕಳು. ಕೋಣೆಗೆ ಬಂದರೆ ಟೀ ಸೆಟ್. ಆರು ಕಪ್ಪು, ಐದರಲ್ಲಿ ಧೂಳು. ಈ ಅರ್ಥ ಯಾವ ನಿಘಂಟಿನಲ್ಲಿದೆ...

ಸಂಜೆ ತುಂಗಾಬಾಯಿ ಹೇಳಿದರು. "ಮಧ್ವೇಶ ನಾಳೆ ಕೋಣಿ ಬಿಡ್ತಾನಂತ. ಬ್ಯಾಂಕ್ ನೌಕರಿ ಬಬಲೇಶ್ವರದಾಗಲ್ಲಾ, ಅಲ್ಲೇ ಇರ್ತೀನಿ, ಇಲ್ಲಿ ನನ್ನ ಜೋಡಿ ಮಾತಾಡೋರ್ಯಾರು ಅಂದ."

ಮೃಣಾಲ ಅವನಿಗೆ ಹೆಪ್ಪು ಒಯ್ಯಲು ಎದ್ದಳು. ದೀಪ ಹಚ್ಚಿಯಾಗಿತ್ತು.

ಬೆಳಕು ಹರಿಯುತ್ತಲೇ ಅವನ ಬಾಗಿಲು ಬಡಿದಳು. ಧೂಳು ತೊಳೆದ ಕಪ್ಪಿನಲ್ಲಿ ಹೆಪ್ಪು. ಒಳಗೆ ಕಟ್ಟಿಟ್ಟ ಟ್ರಂಕು.

"ದೀಪ ಹಚ್ಚಿದ ಮ್ಯಾಲ ಕೊಡಬಾರದ್ರಿ. ಅದಕ್ಕ ಅವತ್ತ... ನಿಮಗ ಗೊತ್ತದ ಅನಕೊಂಡೆ."

ಅವನ ನಗು ನಿಂತಿತು. "ಹಾಸ್ಟೆಲಿನಾಗ ಬೆಳದಾಂವ್ರಿ ನಾ. ಅವ್ವ ಇದ್ದಿದ್ರ ಹೇಳತಿದ್ಲೋ ಏನೋ." ಟ್ರಂಕಿನ ಮೇಲೆ ಕೂತ. "ಖರೇ ಹೇಳ್ತೀನಿ, ಮೊಸರಿಗೆ ಬಂದಿರ್ಲಿಲ್ಲ. ನಾಕು ಮಾತಾಡಬೇಕಾಗಿತ್ತು."

"ನನಗೂ..."

ಅವನು ಹಾಲು ಬೆಚ್ಚಗೆ ಮಾಡಿ ಹೆಪ್ಪು ಹಾಕಿದ. "ಯಾವಾಗ ಸೆಟ್ ಆಗ್ತದ್ರಿ?"

"ಸಂಜೀತನಕಾ ಬೇಕ್ರಿ. ಪಾತ್ರಿ ಅಲುಗಾಡಸಬಾರದು."

"ಹಂಗಾರ ಬಬಲೇಶ್ವರಕ್ಕ ಒಯ್ಯೂಹಂಗಿಲ್ಲ."

ಟ್ರಂಕಿನ ಹಗ್ಗ ಬಿಚ್ಚುತ್ತಾ ಕೇಳಿದ. "ಸಂಜೀಕ ಊಟಕ್ಕ ಬರ್ತೀರಿ?"

"ದೀಪ ಹಚ್ಚಿರ್ತಾರ. ಮೊಸರು ಹೆಂಗ ಕೊಡ್ತೀರಿ?"

"ಹೊರಗಿನವರಿಗೆ ಕೊಡಬಾರದು. ಮನಿಯವರಿಗೆ ಬಡಸಬಹುದಲ್ಲಾ?"

ಮೃಣಾಲ ಪಾತ್ರೆಗೆ ಮೆಲ್ಲಗೆ ತಟ್ಟೆ ಮುಚ್ಚಿದಳು.

"...ಬರ್ತೀನಿ. ಅಲ್ಲೀತನಕಾ ಅದನ್ನ ಅಲುಗಾಡಸಬ್ಯಾಡ್ರಿ."